ಓಡಿಸುತ್ತಾ ಇದ್ದರೇ ಉಳಿಯುವ ಹಡಗು

ಹೋದ ಬೇಸಿಗೆಯಲ್ಲಿ ಅಪ್ಪ ಊರಿಂದ ಬಂದಿದ್ದರು. ಜೀವನವಿಡೀ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವರು. ಮಾಲು, ಪಾರ್ಕು ತೋರಿಸಿದೆ, ಸುಮ್ನೆ ನೋಡಿ ಬಂದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಸ್‌ಎಸ್ ಜೆರೆಮಯ ಓಬ್ರಯನ್ ಹಡಗಿನ ಎಂಜಿನ್ ರೂಮಿಗೆ ಇಳಿದರು ನೋಡಿ, ಆಮೇಲೆ ಅವರನ್ನು ಮೇಲೆ ಹತ್ತಿಸುವುದೇ ಕಷ್ಟವಾಯಿತು.

ಅವತ್ತು ಎಂಜಿನ್ ಓಡುತ್ತಿತ್ತು. ಬಿಸಿ ಎಣ್ಣೆಯ ವಾಸನೆ, ಆಳೆತ್ತರದ ಪಿಸ್ಟನ್ ರಾಡುಗಳು. ಎಣ್ಣೆ ಡಬ್ಬಿ ಹಿಡಿದ ಅಜ್ಜ ಒಬ್ಬರು, ಸುತ್ತುವ ಕ್ರ್ಯಾಂಕಿನ ತಾಳಕ್ಕೆ ಸರಿಯಾಗಿ ಕೈ ಚಾಚಿ, ಬೇರಿಂಗ್ ಮುಟ್ಟಿ, ಕೈ ಎಳೆದುಕೊಳ್ಳುತ್ತಿದ್ದರು. ಬಿಸಿ ಜಾಸ್ತಿಯಾಗಿದೆಯಾ ಅಂತ ತಿಳಿಯಲು ಅಂದು ಮಾಡುತ್ತಿದ್ದುದೇ ಹಾಗೆ. ಪಕ್ಕದಲ್ಲಿ ನಿಂತಿದ್ದ ಅಪ್ಪನ ಬಲಗೈ ಅವರಿಗೇ ಗೊತ್ತಿಲ್ಲದೆ ಅದೇ ತಾಳಕ್ಕೆ ಆಡುತ್ತಿತ್ತು.

ಇದು ಯುದ್ಧನೌಕೆ ಅಲ್ಲ, ಸರಕು ಹಡಗು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸಬ್‌ಮರೀನುಗಳು ಹಡಗುಗಳನ್ನು ಮುಳುಗಿಸುತ್ತಲೇ ಇದ್ದವು. ಅದನ್ನು ತುಂಬಿಕೊಳ್ಳಲು ಅಮೆರಿಕ ಒಂದೇ ನಮೂನೆಯ 2,700ಕ್ಕೂ ಹೆಚ್ಚು ಲಿಬರ್ಟಿ ಹಡಗು ಕಟ್ಟಿತು, ಇದೂ ಅವುಗಳಲ್ಲಿ ಒಂದು. ತಗಡುಗಳನ್ನು ಜೋಡಿಸಲು ರಿವೆಟ್ ಮೊಳೆ ಬದಲು ವೆಲ್ಡಿಂಗ್. ರಾಬರ್ಟ್ ಪಿಯರಿ ಅನ್ನುವ ಹಡಗು 1942ರ ನವೆಂಬರ್‌ನಲ್ಲಿ ಐದು ದಿನದೊಳಗೆ ನೀರಿಗಿಳಿಯಿತು! ಆ ಅವಸರಕ್ಕೆ ಬೆಲೆ ತೆತ್ತದ್ದೂ ಉಂಟು. ಚಳಿ ಸಮುದ್ರದಲ್ಲಿ ಎಷ್ಟೋ ಹಡಗು ಬಿರುಕು ಬಿಟ್ಟವು, ಕೆಲವು ಎರಡು ತುಂಡಾದವು. ಕೇಂಬ್ರಿಡ್ಜ್‌ನ ಕಾನ್‌ಸ್ಟನ್ಸ್ ಟಿಪ್ಪರ್ ಅನ್ನುವ ವಿಜ್ಞಾನಿ ಕಾರಣ ತೋರಿಸಿಕೊಟ್ಟರು: ಚಳಿಗೆ ಆ ಉಕ್ಕೇ ಪೆಡಸಾಗುತ್ತಿತ್ತು. ರಿವೆಟ್ ಹೊಡೆದ ಹಡಗಿನಲ್ಲಾದರೆ ಬಿರುಕು ಒಂದು ತಗಡಿನ ಅಂಚಿಗೆ ನಿಲ್ಲುತ್ತಿತ್ತು. ವೆಲ್ಡ್ ಮಾಡಿದ್ದರಲ್ಲಿ ಅದನ್ನು ತಡೆಯುವ ಅಂಚೇ ಇಲ್ಲ.

ಓಬ್ರಯನ್ ನೀರಿಗಿಳಿದದ್ದು 1943ರ ಜೂನ್‌ನಲ್ಲಿ, ಮೇನ್ ರಾಜ್ಯದಲ್ಲಿ. 1944ರಲ್ಲಿ ಮಿತ್ರಸೇನೆ ಇಳಿದ ಫ್ರಾನ್ಸಿನ ನಾರ್ಮಂಡಿ ದಡಕ್ಕೆ ಬ್ರಿಟನ್ ಕಡೆಯಿಂದ 11 ಸಲ ಹೋಗಿಬಂತು. ಯುದ್ಧ ಮುಗಿದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸುಯ್ಸನ್ ಕೊಲ್ಲಿಯಲ್ಲಿ 33 ವರ್ಷ ಸುಮ್ನೆ ನಿಂತಿತ್ತು. ಜೊತೆಯ ಹಡಗುಗಳೆಲ್ಲ ಗುಜರಿಗೆ ಹೋದವು. ಥಾಮಸ್ ಪ್ಯಾಟರ್ಸನ್ ಅನ್ನುವ ಅಧಿಕಾರಿ ಇದರ ಸರದಿಯನ್ನು ಹಿಂದಕ್ಕೆ ಹಾಕುತ್ತಾ ಬಂದರು. 1979ರಲ್ಲಿ ತನ್ನದೇ ಎಂಜಿನ್ನಿನಿಂದ ಅಲ್ಲಿಂದ ಹೊರಟಿತು. 1994ರಲ್ಲಿ ವಯಸ್ಸಾದ ಸ್ವಯಂಸೇವಕರೇ ಅದನ್ನು ಮತ್ತೆ ನಾರ್ಮಂಡಿವರೆಗೆ ನಡೆಸಿಕೊಂಡು ಹೋದರು. ಓದಿದಾಗ ನನಗೆ ಕಣ್ಣು ತುಂಬಿತು. 2020ರ ಮೇ ತಿಂಗಳಲ್ಲಿ ಪಕ್ಕದ ಗೋದಾಮಿಗೆ ಬೆಂಕಿ ಬಿದ್ದಾಗ ಅಗ್ನಿಶಾಮಕ ದೋಣಿಯವರು ನೀರು ಹಾಯಿಸಿ ಇದನ್ನು ಉಳಿಸಿಕೊಂಡರು.

ಇಂಥ ಹಡಗುಗಳಲ್ಲಿ ದುಡಿದವರು ಸೈನಿಕರಲ್ಲ, ಕೂಲಿ ಸಂಬಳದ ನಾವಿಕರು. ಅಮೆರಿಕದಲ್ಲೇ ಅವರಿಗೆ ಯೋಧರ ಮಾನ್ಯತೆ ಸಿಕ್ಕಿದ್ದು 1988ರಲ್ಲಿ. ಬ್ರಿಟಿಷರ ಸರಕು ಹಡಗುಗಳಲ್ಲಿ ಬಾಯ್ಲರ್ ಮುಂದೆ ಬೆಂದವರು ನಮ್ಮ ದೇಶದವರೂ ಹೌದು. ಸಮುದ್ರದಲ್ಲೇ ಸತ್ತ ಸುಮಾರು 6,000 ಸರಕು ನಾವಿಕರನ್ನು ನೆನೆಯುವ ಸ್ಮಾರಕ ಮುಂಬೈಯಲ್ಲಿದೆ. ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ?

ಇಷ್ಟು ಹಳೆಯ ಎಂಜಿನ್ ಓಡಿಸಲು ಎಣ್ಣೆ ಯಾಕೆ ಸುಡಬೇಕು, ಕಟ್ಟಿ ನಿಲ್ಲಿಸಿ ಬೋರ್ಡು ಹಾಕಿದರೆ ಸಾಕಲ್ವಾ ಅಂತ ಗೆಳೆಯರೊಬ್ಬರು ಕೇಳಿದರು. ನಾನು ಒಪ್ಪಲ್ಲ. ಬೇರಿಂಗ್ ಮುಟ್ಟಿ ನೋಡುವ ಆ ಕೈಚಳಕವನ್ನು ಯಾವ ಬೋರ್ಡಿನಲ್ಲಿ ಬರೆದಿಡುತ್ತೀರಿ? ಅದು ಕೈಯಿಂದ ಕೈಗೆ ಬರಬೇಕು, ಬರಲು ಎಂಜಿನ್ ತಿರುಗುತ್ತಿರಬೇಕು. ಕಲಿಸುವವರಿಗೆ ವಯಸ್ಸಾಗುತ್ತಿದೆ. ಇಲ್ಲಿರುವ ನಮ್ಮ ಹುಡುಗ ಹುಡುಗಿಯರು ಒಂದೆರಡು ಶನಿವಾರ ಅಲ್ಲಿ ಹೋಗಿ ಕೈ ಮಸಿ ಮಾಡಿಕೊಳ್ಳಲಿ ಅಂತ ನನ್ನ ಆಸೆ.

ಅಪ್ಪ ಅಮ್ಮ ಬಂದರೆ ಗೋಲ್ಡನ್ ಗೇಟ್ ತೋರಿಸಿದ ಮೇಲೆ ಇಲ್ಲಿಗೂ ಕರೆದುಕೊಂಡು ಹೋಗಿ. ಎಂಜಿನ್ ಓಡಿಸುವ ದಿನ ಯಾವುದು ಅಂತ ಮೊದಲೇ ಕೇಳಿಕೊಳ್ಳಿ. ಏಣಿ ತುಂಬಾ ಕಡಿದು, ಒಳ್ಳೆ ಶೂ ಹಾಕಿಸಿ.