ಅಂಗಡಿಯಲ್ಲಿ ಸಿಗದಿದ್ದ ಖಳನಾಯಕ

ಆಟಿಕೆ ಮಾರುವುದಕ್ಕೆಂದೇ ಹುಟ್ಟಿದ ಕಥೆಯನ್ನು ಗಂಭೀರವಾಗಿ ಚರ್ಚಿಸುವ ರೂಢಿ ನಮ್ಮಲ್ಲಿಲ್ಲ. ಬೊಂಬೆಯೊಂದನ್ನು ಕೊಳ್ಳುವಂತೆ ಮಗುವಿನ ಮನಸ್ಸು ತಿರುಗಿಸಿದರೆ ಅಂಥ ಕಥೆಯ ಕೆಲಸ ಮುಗಿಯಿತೆಂಬುದು ಸಾಮಾನ್ಯ ಅಭಿಪ್ರಾಯ. ಬಹುಪಾಲು ಅಂಥ ಕಥೆಗಳ ಯೋಗ್ಯತೆಯೂ ಅಷ್ಟೇ. ಆದರೆ ಡೆನ್ಮಾರ್ಕಿನ ಲೆಗೊ ಕಂಪನಿ 2001ರಿಂದ 2010ರವರೆಗೆ ಮಾರಿದ ‘ಬಯೋನಿಕಲ್’ ಸರಣಿಯನ್ನು ಆ ಸಾಲಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಅದರ ಸುತ್ತ ಬೆಳೆದ ಕಾಮಿಕ್ಸ್, ಕಾದಂಬರಿ, ಚಲನಚಿತ್ರ ಮತ್ತು ಕಂಪ್ಯೂಟರ್ ಆಟಗಳನ್ನು ಈಗ ಒಟ್ಟಾಗಿ ನೋಡಿದಾಗ ನನಗೆ ಅನ್ನಿಸುವುದಿಷ್ಟು: ಆ ಕಥೆಯ ಕಸುವು ಇದ್ದದ್ದು ಅಂಗಡಿಯ ಕಪಾಟಿನಲ್ಲಿ ಸಿಗದ ಸಂಗತಿಗಳಲ್ಲಿ, ಅವೂ ಒಂದೊಂದಾಗಿ ಕಪಾಟಿಗೆ ಬಂದಂತೆ, ಇಲ್ಲವೇ ವಿವರಣೆಗೆ ಸಿಕ್ಕಿ ಬಯಲಾದಂತೆ, ಕಥೆ ಸೊರಗುತ್ತ ಹೋಯಿತು.

ಪರಿಚಯವಿಲ್ಲದವರಿಗಾಗಿ ಸ್ವಲ್ಪ ವಿವರ. ಲೆಗೊ ಎಂದೊಡನೆ ಒಂದರ ಮೇಲೊಂದು ಕೂರಿಸುವ ಬಣ್ಣದ ಇಟ್ಟಿಗೆಗಳು ನೆನಪಾಗುತ್ತವೆ. ಬಯೋನಿಕಲ್ ಬಂದದ್ದು ಗೇರು, ಅಚ್ಚು, ತೂತಿರುವ ಪಟ್ಟಿಗಳಿಂದ ಯಂತ್ರಗಳನ್ನು ಕಟ್ಟುವ ‘ಟೆಕ್ನಿಕ್’ ಶಾಖೆಯಿಂದ. ಗುಂಡು ತಲೆಯೊಂದು ಬಟ್ಟಲಿನಂಥ ಕುಳಿಯಲ್ಲಿ ಕೂತು ಹಲವು ದಿಕ್ಕಿಗೆ ತಿರುಗುವ ಕೀಲುಗಳಿಂದ ಅಂಗಾಂಗಗಳನ್ನು ಜೋಡಿಸಿ ಯಂತ್ರರೂಪಿ ವೀರನೊಬ್ಬನನ್ನು ಮಕ್ಕಳು ಕಟ್ಟಬೇಕಿತ್ತು. ಬೆನ್ನ ಹಿಂದಿನ ಗೇರನ್ನು ತಿರುಗಿಸಿದರೆ ಅವನ ತೋಳು ಬೀಸುತ್ತಿತ್ತು, ಎದುರಾಳಿಯ ಮುಖವಾಡ ಕಳಚಿ ಬೀಳುತ್ತಿತ್ತು. ಬೆಂಕಿಯ ಟಾಹು, ನೀರಿನ ಗಾಲಿ, ಗಾಳಿಯ ಲೇವಾ, ಮಣ್ಣಿನ ಒನೂವಾ, ಹಿಮದ ಕೊಪಾಕಾ, ಕಲ್ಲಿನ ಪೊಹಾಟು ಎಂಬ ಆರು ‘ಟೋವಾ’ಗಳು ತಲಾ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತಿದ್ದರು. ಕಥೆಯಲ್ಲಿಯೂ ಅವರು ಬರುವುದು ಡಬ್ಬಿಗಳಲ್ಲೇ: ಸಮುದ್ರದಲ್ಲಿ ತೇಲಿಬಂದು ಮಾಟಾ ನುಯಿ ಎಂಬ ದ್ವೀಪದ ದಡ ಸೇರುತ್ತಾರೆ, ತಮ್ಮ ಕೈಕಾಲುಗಳನ್ನು ತಾವೇ ಜೋಡಿಸಿಕೊಳ್ಳುತ್ತಾರೆ, ತಾವು ಯಾರೆಂಬುದು ಅವರಿಗೇ ನೆನಪಿರುವುದಿಲ್ಲ.

ಈ ಡಬ್ಬಿಯ ಕಲ್ಪನೆಯ ಹಿಂದೆ ಮನಕಲಕುವ ಸಂಗತಿಯೊಂದಿದೆ. ಲೆಗೊಗೆ ಜಾಹೀರಾತು ಮಾಡುತ್ತಿದ್ದ ಕೋಪನ್‌ಹೇಗನ್ನಿನ ‘ಅಡ್ವಾನ್ಸ್’ ಸಂಸ್ಥೆಯ ಕಲಾ ನಿರ್ದೇಶಕ ಕ್ರಿಶ್ಚಿಯನ್ ಫಾಬರ್ ಅವರಿಗೆ ಮಿದುಳಿನ ಬಳಿ ಅಪಾಯಕಾರಿಯಲ್ಲದ ಗೆಡ್ಡೆಯೊಂದಿತ್ತು, ಅದಕ್ಕಾಗಿ ಅವರು ನಿತ್ಯ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದರು. ತನ್ನ ದೇಹದೊಳಗೆ ಇಳಿದು ತನ್ನ ಪರವಾಗಿ ಹೋರಾಡುವ ಪುಟ್ಟ ಸೈನಿಕರಂತೆ ಆ ಔಷಧವನ್ನು ಕಲ್ಪಿಸಿಕೊಂಡದ್ದೇ ಬಯೋನಿಕಲ್‌ನ ಬೀಜವೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಟೋವಾಗಳ ಡಬ್ಬಿ ಎಂದರೆ ಔಷಧದ ಗುಳಿಗೆ. ಅವರು ಬಂದಿಳಿದ ದ್ವೀಪ ಕಾಯಿಲೆ ಬಿದ್ದ ಮಹಾಕಾಯನೊಬ್ಬನ ಮುಖ. ಫಾಬರ್ ಜೊತೆ ಲೆಗೊದ ಬಾಬ್ ಥಾಂಪ್ಸನ್, ಬ್ರಿಟನ್ನಿನ ಬರಹಗಾರ ಅಲಸ್ಟೇರ್ ಸ್ವಿನರ್ಟನ್ ಮುಂತಾದವರು ಸೇರಿ ಕಟ್ಟಿದ ಮೂಲ ಕಥೆಯಲ್ಲಿಯೇ ಈ ಗುಟ್ಟು ಇತ್ತು. ಅದನ್ನು ಅವರು ಓದುಗರಿಗೆ ಬಿಟ್ಟುಕೊಟ್ಟದ್ದು 2008ರಲ್ಲಿ. ಆರು ತಿಂಗಳಿಗೊಮ್ಮೆ ಹೊಸ ಸರಕು ತರಬೇಕಾದ ಆಟಿಕೆ ವ್ಯಾಪಾರದಲ್ಲಿ ಒಂದು ಗುಟ್ಟನ್ನು ಏಳು ವರ್ಷ ಕಾಪಾಡಿಕೊಳ್ಳುವುದೆಂದರೆ ಅದಕ್ಕೆ ಬೇಕಾದ ಸಂಯಮ ಸಣ್ಣದಲ್ಲ.

ಕಂಪನಿಗೂ ಆಗ ಇಂಥದೊಂದು ಸಾಹಸದ ಅಗತ್ಯವಿತ್ತು. 1998ರಲ್ಲಿ ಲೆಗೊ ಮೊದಲ ಬಾರಿಗೆ ನಷ್ಟ ಕಂಡಿತ್ತು. 1999ರಿಂದ ಮಾರುತ್ತಿದ್ದ ‘ಸ್ಟಾರ್ ವಾರ್ಸ್’ ಆಟಿಕೆಗಳು ಚಿತ್ರ ಬಿಡುಗಡೆಯಾದ ವರ್ಷ ಚೆನ್ನಾಗಿ ಓಡಿ, ಚಿತ್ರವಿಲ್ಲದ ವರ್ಷ ಕುಸಿಯುತ್ತಿದ್ದವು. ಮೇಲಾಗಿ ಅವುಗಳ ಗಳಿಕೆಯಲ್ಲಿ ಹಕ್ಕುದಾರರಿಗೂ ಪಾಲು ಕೊಡಬೇಕಿತ್ತು. ಬಯೋನಿಕಲ್‌ನ ಕಥೆ ಕಂಪನಿಯ ಸ್ವಂತದ್ದು. 2003 ಮತ್ತು 2004ರ ಭಾರೀ ನಷ್ಟದ ದಿನಗಳಲ್ಲಿ ಕಂಪನಿಯನ್ನು ತೇಲಿಸಿದ ಕೆಲವೇ ಸರಕುಗಳಲ್ಲಿ ಇದೂ ಒಂದೆಂದು ಲೆಗೊ ಇತಿಹಾಸ ಬಲ್ಲವರೆಲ್ಲ ಒಪ್ಪುತ್ತಾರೆ. ಲೆಕ್ಕಪತ್ರದ ಈ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ನನಗೆ ಬಯೋನಿಕಲ್ ಪರಿಚಯವಾದದ್ದು ಆಟಿಕೆಯಿಂದಲ್ಲ. ಆ ದಿನಗಳಲ್ಲಿ ನಮ್ಮ ಕಡೆ ಅಂಥ ಡಬ್ಬಿ ಕಣ್ಣಿಗೆ ಬಿದ್ದರೆ ಅದು ಸಾಮಾನ್ಯವಾಗಿ ಹೊರದೇಶದಿಂದ ಬಂದ ನೆಂಟರ ಸೂಟ್‌ಕೇಸಿನದೇ. ಆದರೆ ‘ಮಾಟಾ ನುಯಿ ಆನ್‌ಲೈನ್ ಗೇಮ್’ ಎಂಬ ಆಟವನ್ನು ಮೈಸೂರಿನ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಯಾರು ಬೇಕಾದರೂ ಆಡಬಹುದಿತ್ತು. ನ್ಯೂಯಾರ್ಕಿನ ಟೆಂಪ್ಲರ್ ಸ್ಟುಡಿಯೋಸ್, ಬ್ರೌಸರಿನಲ್ಲೇ ಆಟಗಳನ್ನು ಓಡಿಸುವ ಫ್ಲ್ಯಾಶ್ ಎಂಬ ತಂತ್ರಾಂಶದಲ್ಲಿ ಸಿದ್ಧಪಡಿಸಿ 2001ರುದ್ದಕ್ಕೂ ಕಂತುಕಂತಾಗಿ ಹರಿಯಬಿಟ್ಟ ಈ ಆಟವೇ ಇಡೀ ಬಯೋನಿಕಲ್ ಪರಂಪರೆಯ ಶ್ರೇಷ್ಠ ಕೃತಿಯೆಂದು ನಾನು ತಿಳಿದಿದ್ದೇನೆ. ಇಲ್ಲಿ ಆಡುವವನು ಟೋವಾ ಅಲ್ಲ, ಟಕೂವಾ ಎಂಬ ಸಾಮಾನ್ಯ ಹಳ್ಳಿಗ. ಅವನ ಕೈಯಲ್ಲಿ ಆಯುಧವಿಲ್ಲ. ಅವನು ಊರಿಂದ ಊರಿಗೆ ನಡೆಯುತ್ತಾನೆ, ಎದುರಾದವರನ್ನು ಮಾತಾಡಿಸುತ್ತಾನೆ, ಹಿರಿಯರು ಹೇಳುವ ಹಳೆಯ ಕಥೆ ಕೇಳುತ್ತಾನೆ; ನೀರಿನ ಮೇಲಿನ ಗಾ-ಕೊರೊದಲ್ಲಿ ಮುಳುಗಿದ ಗುಡಿಸಲಿನೊಳಗೆ ಸಿಕ್ಕಿಬಿದ್ದವರನ್ನು ಪಾರುಮಾಡುತ್ತಾನೆ. ಲೋಕ ಕಾಯುವ ವೀರರು ಅವನಿಗೆ ಕಾಣುವುದು ದೂರದಿಂದ, ಅದೂ ಆಗೊಮ್ಮೆ ಈಗೊಮ್ಮೆ. ಹಣ ಕೊಟ್ಟು ಕೊಳ್ಳಬೇಕಾದ ಬೊಂಬೆಗಳನ್ನು ಕಥೆಯ ಅಂಚಿಗೆ ಸರಿಸಿ, ಅಂಗಡಿಯಲ್ಲಿ ಮಾರಾಟಕ್ಕಿಡದ ಹಳ್ಳಿಗರನ್ನು ನಡುವೆ ತಂದ ಜಾಹೀರಾತನ್ನು ನಾನು ಬೇರೆಲ್ಲೂ ಕಂಡಿಲ್ಲ. (ಹಳ್ಳಿಗರಲ್ಲಿ ಆರು ಮಂದಿಯ ಪುಟ್ಟ ಬೊಂಬೆಗಳನ್ನು ಮೆಕ್‌ಡೊನಾಲ್ಡ್ಸ್‌ನವರು ಮಕ್ಕಳ ಊಟದ ಜೊತೆ ಕೊಟ್ಟರೆನ್ನುವುದು ನಿಜ.)

ಆ ಆಟದ ಒಂದು ಪ್ರಸಂಗ ನನಗೆ ವಿಶೇಷ ಪ್ರಿಯವಾದದ್ದು. ಕಲ್ಲಿನ ಊರಾದ ಪೊ-ಕೊರೊದಲ್ಲಿ ಜನ ಒಬ್ಬೊಬ್ಬರಾಗಿ ಕಾಯಿಲೆ ಬೀಳುತ್ತಿರುತ್ತಾರೆ. ಕಾರಣ ಹುಡುಕುತ್ತ ಹೊರಟ ಟಕೂವಾನಿಗೆ ತಿಳಿಯುವುದೇನೆಂದರೆ, ಅಹ್ಕ್‌ಮೌ ಎಂಬ ವ್ಯಾಪಾರಿ ಮಾರುತ್ತಿರುವ ಹೊಸ ಬಗೆಯ ಆಟದ ಚೆಂಡುಗಳಲ್ಲೇ ಸೋಂಕಿದೆ! ಆಟಿಕೆ ಕಂಪನಿಯ ಹಣದಲ್ಲಿ ತಯಾರಾದ ಕಥೆಯಲ್ಲಿ ರೋಗ ಹರಡುವುದು ಆಟಿಕೆ ವ್ಯಾಪಾರಿ. ಇದನ್ನು ಬರೆದವರು ಬೇಕೆಂದೇ ನಕ್ಕಿದ್ದಾರೆಂಬ ಅನುಮಾನ ನನಗಿದೆ.

ಕೊನೆಗೆ ಟೋವಾಗಳು ನೆಲದಾಳಕ್ಕಿಳಿದು ಖಳನಾದ ಮಕೂಟನನ್ನು ಎದುರಿಸುತ್ತಾರೆ. ಅವನಿಗೆ ಸ್ಥಿರವಾದ ಆಕಾರವಿಲ್ಲ. ಮೊದಲು ಪುಟ್ಟ ಹಳ್ಳಿಗನೊಬ್ಬನ ರೂಪದಲ್ಲಿ ಕಂಡವನು, ಮರುಗಳಿಗೆಗೆ ಬಿಡಿಭಾಗಗಳೆಲ್ಲ ಗರಗರ ಸುತ್ತುವ ಸುಂಟರಗಾಳಿಯಾಗಿಬಿಡುತ್ತಾನೆ. ಜೋಡಣೆ ಆಟಿಕೆಯ ಲೋಕಕ್ಕೆ ಇದಕ್ಕಿಂತ ಒಪ್ಪುವ ಶತ್ರುವನ್ನು ಊಹಿಸಲಾರೆ, ಏಕೆಂದರೆ ಅವನು ಕಟ್ಟಿದ್ದನ್ನೆಲ್ಲ ಬಿಡಿಸಿ ಚೆಲ್ಲುವ ಶಕ್ತಿಯೇ ಆಗಿದ್ದಾನೆ. ಮುಖ್ಯವಾದ ಮಾತೆಂದರೆ 2001ರಲ್ಲಿ ಮಕೂಟನ ಆಟಿಕೆ ಇರಲಿಲ್ಲ. ವೀರರನ್ನು ಕೊಂಡುತಂದ ಮಗು ಶತ್ರುವನ್ನು ತನ್ನ ಪೆಟ್ಟಿಗೆಯಲ್ಲಿ ಉಳಿದ ತುಣುಕುಗಳಿಂದಲೋ ಬರಿಯ ಕಲ್ಪನೆಯಿಂದಲೋ ಕಟ್ಟಿಕೊಳ್ಳಬೇಕಿತ್ತು. 2003ರಲ್ಲಿ ಮೊದಲ ಚಲನಚಿತ್ರದ ಹೊತ್ತಿಗೆ ಕೈಕಾಲು, ಮುಖವಾಡಗಳುಳ್ಳ ಮಕೂಟ ಅಂಗಡಿಗೆ ಬಂದ. ಆಟಿಕೆಯಾಗಿ ಅವನು ಸೊಗಸಾಗಿಯೇ ಇದ್ದ. ಆದರೆ ಬೆಲೆಚೀಟಿ ಅಂಟಿದ ಮೇಲೆ ಅವನ ಬಗ್ಗೆ ಮೊದಲಿನ ಭಯ ಉಳಿಯಲಿಲ್ಲ.

ಮಾರಾಟಕ್ಕಿಲ್ಲದ್ದು ಎಂದಾಗ ಇನ್ನೊಂದು ಪ್ರಕರಣವನ್ನೂ ಹೇಳಬೇಕು. ದ್ವೀಪಕ್ಕೆ ಪ್ರಾಚೀನತೆಯ ಸೊಗಡು ಬರಲೆಂದು ಕಂಪನಿ ಹಲವು ಹೆಸರುಗಳನ್ನು ಪಾಲಿನೇಷ್ಯದ ಭಾಷೆಗಳಿಂದ, ಅದರಲ್ಲೂ ನ್ಯೂಜಿಲೆಂಡಿನ ಮಾವೋರಿ ಭಾಷೆಯಿಂದ, ಯಾರನ್ನೂ ಕೇಳದೆ ಎತ್ತಿಕೊಂಡಿತ್ತು. ಮಾವೋರಿ ಜನರ ಗೌರವಕ್ಕೆ ಪಾತ್ರರಾದ ಪರಿಣತರನ್ನೂ ಪುರೋಹಿತರನ್ನೂ ಕರೆಯುವ ‘ತೊಹುಂಗಾ’ ಎಂಬ ಹೆಸರು ಇಲ್ಲಿ ಹಳ್ಳಿಗರ ಬೊಂಬೆಗಳ ಹೆಸರಾಗಿತ್ತು. 2001ರಲ್ಲಿಯೇ ಮಾವೋರಿ ವಕೀಲ ಮಾವಿ ಸಾಲಮನ್ ಮುಂತಾದವರು ಆಕ್ಷೇಪಿಸಿದರು. ಲೆಗೊ ಆ ಹೆಸರನ್ನು ‘ಮಾಟೊರಾನ್’ ಎಂದು ಬದಲಿಸಿತು, ಇನ್ನು ಕೆಲವನ್ನು ತಿದ್ದಿತು, ಮುಂದೆ ಹೀಗೆ ಮಾಡುವುದಿಲ್ಲವೆಂದು ಒಪ್ಪಿಕೊಂಡಿತು. ಆದರೂ ‘ಟೋವಾ’, ‘ಪೊಹಾಟು’ ಮುಂತಾದವು ಹಾಗೆಯೇ ಉಳಿದವು. ಕಥೆಯೊಳಗೆ ಈ ಬದಲಾವಣೆಯನ್ನು ಹಳ್ಳಿಗರ ಶೌರ್ಯಕ್ಕೆ ಸಂದ ನಾಮಕರಣದ ಗೌರವವೆಂದು ತೋರಿಸಲಾಯಿತು. ಜಾಣ ಪರಿಹಾರವೇ ಸರಿ, ಆದರೆ ಆಕ್ಷೇಪಿಸಿದವರ ಸುಳಿವೂ ಕಥೆಯಲ್ಲಿ ಉಳಿಯದಂತೆ ಮಾಡಿದ ಆ ಜಾಣತನ ನನಗೆ ಹಿಡಿಸುವುದಿಲ್ಲ.

ಚಲನಚಿತ್ರಗಳು ಒಟ್ಟು ನಾಲ್ಕು: 2003, 2004, 2005ರಲ್ಲಿ ಒಂದೊಂದು, ಮತ್ತೆ 2009ರಲ್ಲಿ ಇನ್ನೊಂದು. ಎಲ್ಲವೂ ಚಿತ್ರಮಂದಿರ ಕಾಣದೆ ನೇರ ಡಿವಿಡಿಗೆ ಹೋದವು. ಮುಖವಾಡ ಅಲ್ಲಾಡುವುದಿಲ್ಲ ಎಂಬುದೇ ಈ ಆಟಿಕೆಗಳ ಗಾಂಭೀರ್ಯ; ಚಿತ್ರಗಳಲ್ಲಿ ಮುಖವಾಡಗಳಿಗೇ ತುಟಿ ಮೂಡಿ ಅವು ಮಾತಾಡುತ್ತವೆ, ನಗುತ್ತವೆ. ಮಕ್ಕಳಿಗೆ ಇಷ್ಟವಾಗಿರಬಹುದು. ನನಗೆ ಆಗಲಿಲ್ಲ.

ಕಥೆಯ ನಿಜವಾದ ಭಾರ ಹೊತ್ತವರು ಗ್ರೆಗ್ ಫಾರ್ಷ್ಟಿ. ಲೆಗೊ ಕ್ಲಬ್ಬಿನ ಸದಸ್ಯ ಮಕ್ಕಳಿಗೆ ಹೋಗುತ್ತಿದ್ದ ಡಿಸಿ ಕಾಮಿಕ್ಸ್‌ನ ಸಂಚಿಕೆಗಳನ್ನೂ, ಸ್ಕೊಲಾಸ್ಟಿಕ್ ಪ್ರಕಟಿಸಿದ ಬಹುಪಾಲು ಕಾದಂಬರಿಗಳನ್ನೂ, ಅಂತರ್ಜಾಲದ ಧಾರಾವಾಹಿಗಳನ್ನೂ ಬರೆದವರು ಅವರೇ. ಅವರ ಶ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ. ಓದುಗ ಮಕ್ಕಳ ಸಾಲುಸಾಲು ಪ್ರಶ್ನೆಗಳಿಗೆ ವರ್ಷಗಟ್ಟಲೆ ಬೇಸರಿಸದೆ ಉತ್ತರ ಕೊಟ್ಟ ಬರಹಗಾರರು ಎಷ್ಟು ಮಂದಿ ಸಿಕ್ಕಾರು? ಆದರೆ ಆ ಔದಾರ್ಯವೇ ಕಥೆಗೆ ಮುಳುವಾಯಿತೆಂದು ಹೇಳದೆ ವಿಧಿಯಿಲ್ಲ. ಯಾವ ಮುಖವಾಡಕ್ಕೆ ಯಾವ ಶಕ್ತಿ, ಯಾವ ಪಂಗಡ ಎಲ್ಲಿಂದ ಬಂತು ಎಂಬುದಕ್ಕೆಲ್ಲ ಅಧಿಕೃತ ಉತ್ತರ ದೊರೆಯುತ್ತ ಹೋದಂತೆ ಓದುಗನು ತಾನೇ ಊಹಿಸಿಕೊಳ್ಳಬೇಕಾದ ಜಾಗಗಳೆಲ್ಲ ಮುಚ್ಚಿಹೋದವು. 2008ರಲ್ಲಿ ದ್ವೀಪದಡಿಯ ಮಹಾಕಾಯ ಎದ್ದುನಿಂತ ದೃಶ್ಯದಲ್ಲಿ ಮಾತ್ರ ಹಳೆಯ ವಿಸ್ಮಯ ಇನ್ನೊಮ್ಮೆ ಮರುಕಳಿಸಿತು. ಅವನ ಎತ್ತರ 4 ಕೋಟಿ ಅಡಿ, ಅಂದರೆ ಸುಮಾರು 12,000 ಕಿಲೋಮೀಟರು, ಭೂಮಿಯ ವ್ಯಾಸಕ್ಕೆ ಹತ್ತಿರ ಹತ್ತಿರ. ಆ ಗಾತ್ರವನ್ನು ಯಾವ ಡಬ್ಬಿಯಲ್ಲಿಯೂ ತುಂಬಿ ಮಾರುವಂತಿರಲಿಲ್ಲ ಎನ್ನುವುದೇ ಆ ಪುಟಗಳು ಗೆದ್ದದ್ದರ ಕಾರಣವೆಂದು ನನ್ನ ತಿಳಿವಳಿಕೆ.

ಆಟಿಕೆಗೆ ಪ್ರತಿ ವರ್ಷ ಹೊಸ ಆರಂಭ ಬೇಕು, ಕಥೆಗೆ ಹಿಂದಿನದೆಲ್ಲದರ ನೆನಪು ಬೇಕು. ಒಂಬತ್ತನೆಯ ವರ್ಷಕ್ಕೆ ಕಾಲಿಡುವ ಹೊತ್ತಿಗೆ ಹೊಸದಾಗಿ ಬಂದ ಎಂಟು ವರ್ಷದ ಮಗು ತಾನು ಹುಟ್ಟಿದ ವರ್ಷದಿಂದ ನಡೆದದ್ದನ್ನೆಲ್ಲ ತಿಳಿಯಬೇಕಾದ ಸ್ಥಿತಿ ಬಂದಿತ್ತು. 2009ರ ಕೊನೆಗೆ ಲೆಗೊ ಸರಣಿಯನ್ನು ನಿಲ್ಲಿಸುವುದಾಗಿ ಪ್ರಕಟಿಸಿ, 2010ರಲ್ಲಿ ಅದರ ಜಾಗಕ್ಕೆ ಹಗುರವಾದ ‘ಹೀರೋ ಫ್ಯಾಕ್ಟರಿ’ಯನ್ನು ತಂದಿತು. ವ್ಯಾಪಾರದ ದೃಷ್ಟಿಯಿಂದ ಅದನ್ನು ನಾನು ಆಕ್ಷೇಪಿಸಲಾರೆ. ನನ್ನ ಆಕ್ಷೇಪವಿರುವುದು ಆಮೇಲೆ ನಡೆದದ್ದಕ್ಕೆ. ಫಾರ್ಷ್ಟಿ ಅಂತರ್ಜಾಲದಲ್ಲಿ ಮುಂದುವರಿಸುತ್ತಿದ್ದ ಮೂರು ಧಾರಾವಾಹಿಗಳು 2011ರಲ್ಲಿ ನಡುವಿನಲ್ಲೇ ನಿಂತುಹೋದವು, ಕಥೆಗೆ ಮೀಸಲಾಗಿದ್ದ ಅಧಿಕೃತ ತಾಣವೂ ಮುಚ್ಚಿತು. ವಾರಪತ್ರಿಕೆಯ ಕಾದಂಬರಿಯ ಅಡಿಯಲ್ಲಿ ‘ಮುಂದಿನ ವಾರಕ್ಕೆ’ ಎಂದು ಓದಿ, ಮರುವಾರ ಪತ್ರಿಕೆಯೇ ಬರದಿದ್ದರೆ ನಮ್ಮ ಮನೆಗಳಲ್ಲಿ ಎಂಥ ಕೋಲಾಹಲವಾಗುತ್ತಿತ್ತೆಂದು ಬಲ್ಲವರಿಗೆ ಆ ಓದುಗರ ಸಂಕಟ ಅರ್ಥವಾದೀತು.

2015ರಲ್ಲಿ ಅದೇ ಆರು ಹೆಸರುಗಳೊಂದಿಗೆ ಬಯೋನಿಕಲ್ ಮರಳಿತು, ಎರಡೇ ವರ್ಷಕ್ಕೆ ಮತ್ತೆ ನಿಂತಿತು. ಕೀಲುಗಳು ಮೊದಲಿಗಿಂತ ಗಟ್ಟಿಯಾಗಿದ್ದವು. 2008ರ ಸುಮಾರಿನ ಎಳೆಹಸಿರು ಬಣ್ಣದ ಕೀಲುಗಳು ಮುಟ್ಟಿದರೆ ಸೀಳುತ್ತಿದ್ದುದನ್ನು ಸಂಗ್ರಾಹಕರು ಇಂದಿಗೂ ಮರೆತಿಲ್ಲ. ಕಥೆಯ ಪಾಲಿಗೆ ದೊರೆತದ್ದು ಚಿಕ್ಕಚಿಕ್ಕ ವಿಡಿಯೋಗಳು, ಕೆಲವು ಪುಸ್ತಕಗಳು, 2016ರಲ್ಲಿ ನೆಟ್‌ಫ್ಲಿಕ್ಸ್‌ನ ನಾಲ್ಕು ಕಂತುಗಳು. ಈ ಸಲವೂ ಮಕೂಟನ ಆಟಿಕೆ ಅಂಗಡಿಗೆ ಬರಲಿಲ್ಲವಲ್ಲ ಎಂದು ನನ್ನ ವಾದಕ್ಕೆ ಯಾರಾದರೂ ಅಡ್ಡ ಬರಬಹುದು. ನಿಜ, ಆದರೆ ಶತ್ರುವನ್ನು ಮರೆಯಲ್ಲಿಟ್ಟರೆ ಸಾಲದು. ಅವನ ನೆರಳು ಬೀಳುವುದಕ್ಕೆ ಊರು ಬೇಕು, ದಾರಿ ಬೇಕು, ದಾರಿಯಲ್ಲಿ ಕೂತು ಹರಟುವ ಜನ ಬೇಕು. ಒಕೊಟೊ ಎಂಬ ಹೊಸ ದ್ವೀಪದಲ್ಲಿ ನಡೆದಾಡುವುದಕ್ಕೆ ಜಾಗವೇ ಇರಲಿಲ್ಲ. 2023ರಲ್ಲಿ ದೊಡ್ಡ ಮೊತ್ತದ ಖರೀದಿಗೆ ಉಡುಗೊರೆಯಾಗಿ ಟಾಹು ಮತ್ತು ಟಕೂವಾರನ್ನು ಸಾಮಾನ್ಯ ಲೆಗೊ ತುಣುಕುಗಳಲ್ಲಿ ಕಟ್ಟಿಕೊಟ್ಟದ್ದು ಹಳಬರ ಬೆನ್ನು ತಟ್ಟಿದಂತಾಯಿತು, ಅಷ್ಟೇ.

ಫ್ಲ್ಯಾಶ್ 2020ರ ಕೊನೆಗೆ ನಿಂತುಹೋದರೂ ಮಾಟಾ ನುಯಿಯ ಆಟವನ್ನು ಇಂದಿಗೂ ಇಳಿಸಿಕೊಂಡು ಆಡಬಹುದಾದರೆ ಅದಕ್ಕೆ ಕಾರಣ ‘ಬಯೋಮೀಡಿಯಾ ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ ಕಾಮಿಕ್ಸ್, ಧ್ವನಿಮುದ್ರಿಕೆ, ಆಟಗಳನ್ನೆಲ್ಲ ಕೂಡಿಟ್ಟ ಅಭಿಮಾನಿಗಳು. 2001ರಲ್ಲಿ ಬಿಡುಗಡೆಯ ಅಂಚಿನಲ್ಲಿ ರದ್ದಾದ, ಸಫೈರ್ ಸಂಸ್ಥೆಯ ಕಂಪ್ಯೂಟರ್ ಆಟದ ಪರೀಕ್ಷಾ ಪ್ರತಿಯನ್ನು ಹಲವು ವರ್ಷಗಳ ನಂತರ ಪತ್ತೆಹಚ್ಚಿ, ದೋಷ ತಿದ್ದಿ, ಎಲ್ಲರಿಗೂ ಉಚಿತವಾಗಿ ಒದಗಿಸಿದವರೂ ಅಂಥವರೇ. ಹೊಸ ಬೊಂಬೆಗಳಿಗಾಗಿ ನಾನು ಕಾದಿಲ್ಲ. ಕಾಮಿಕ್ಸ್ ಮತ್ತು ಕಾದಂಬರಿಗಳನ್ನು ಕಂಪನಿ ತಾನೇ ಸಮಗ್ರ ಸಂಪುಟಗಳಾಗಿ ಮುದ್ರಿಸಲಿ, ನಿಂತುಹೋದ ಮೂರು ಧಾರಾವಾಹಿಗಳನ್ನು ಫಾರ್ಷ್ಟಿ ಅವರಿಂದಲೇ ಬರೆಸಿ ಮುಗಿಸಲಿ. ಆ ಪುಸ್ತಕಕ್ಕೆ ಯಾವ ಬೆಲೆಯಿಟ್ಟರೂ ಕೊಳ್ಳುವವರ ಸಾಲಿನಲ್ಲಿ ನಾನಿರುತ್ತೇನೆ.