ಶೋಕಾಚರಣೆ ಅಂದರೆ ಅಂಗಡಿ ಬಂದ್ ಅಲ್ಲ

ದೊಡ್ಡ ನಾಯಕರು ತೀರಿಕೊಂಡಾಗೆಲ್ಲ ಕೇರಳದಲ್ಲಿರುವ ನಮ್ಮ ಕಾಸರಗೋಡಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ತಿರುಗುತ್ತದೆ: "ಏಳು ದಿನ ರಾಷ್ಟ್ರೀಯ ಶೋಕ. ಶಾಲೆ, ಬ್ಯಾಂಕಿಗೆ ರಜೆ. ಅಂಗಡಿ ತೆರೆದರೆ ದಂಡ." ಇದು ಸರಿಯಲ್ಲ.

2024ರ ಡಿಸೆಂಬರ್ 26ರಂದು ಮಾಜಿ ಪ್ರಧಾನಿ ಮನಮೋಹನ್ ಸಿಂಗ್ ತೀರಿಕೊಂಡರು. ಕೇಂದ್ರ ಸರ್ಕಾರ ಜನವರಿ 1ರವರೆಗೆ ಶೋಕ ಸಾರಿತು. ಅಂದರೆ ಬಾವುಟ ಅರ್ಧಕ್ಕೆ, ಸರ್ಕಾರಿ ಮನರಂಜನೆ ಇಲ್ಲ, ಅಷ್ಟೇ. ಕೇಂದ್ರ ಕಚೇರಿಗಳಿಗೆ ರಜೆ ಸಿಕ್ಕಿದ್ದು ಅಂತ್ಯಕ್ರಿಯೆಯ ದಿನ, 28ರಂದು. ಅದೂ ಅರ್ಧ ದಿನ.

ಮತ್ತೆ ಗೊಂದಲ ಎಲ್ಲಿಂದ? ಗಡಿಯಿಂದಲೇ. 27ರಂದು ಕರ್ನಾಟಕ ಸರ್ಕಾರ ತನ್ನ ಕಚೇರಿ, ಶಾಲೆ, ಕಾಲೇಜುಗಳಿಗೆ ರಜೆ ಕೊಟ್ಟಿತ್ತು. ನಾವು ನೋಡುವುದು ಜಾಸ್ತಿ ಕನ್ನಡ ಚಾನೆಲ್‌ಗಳನ್ನೇ ಅಲ್ವಾ? ಮಂಗಳೂರಿನ ಸುದ್ದಿ ತಲಪಾಡಿ ಗಡಿ ದಾಟಲು ಹೊತ್ತು ಬೇಡ. ಆದರೆ ಬೆಂಗಳೂರಿನ ಆದೇಶ ಗಡಿಯ ಈಚೆಗಿರುವ ನಮ್ಮ ಮಂಜೇಶ್ವರಕ್ಕೆ ಅನ್ವಯಿಸುವುದಿಲ್ಲ. ನಮ್ಮ ಮಕ್ಕಳು ಆವತ್ತು ಮನೆಯಲ್ಲಿದ್ದದ್ದು ಕ್ರಿಸ್‌ಮಸ್ ರಜೆಗೆ.

ಗೌರವದಿಂದ ಯಾರಾದರೂ ಸ್ವಲ್ಪ ಹೊತ್ತು ಶಟರ್ ಎಳೆದರೆ ಅದು ಅವರ ಮನಸ್ಸು. ದಿನಗೂಲಿಯವರನ್ನು ಸುಮ್ನೆ ಹೆದರಿಸುವುದು ಬೇಡ.

ಬಾವುಟದ ವಿಷಯದಲ್ಲಿ ಮಾತ್ರ ನಿಯಮ ಗಟ್ಟಿ. ನೇರವಾಗಿ ಅರ್ಧಕ್ಕೆ ಏರಿಸಿ ನಿಲ್ಲಿಸುವಂತಿಲ್ಲ. ಮೊದಲು ಕಂಬದ ತುದಿ ಮುಟ್ಟಿಸಬೇಕು, ಆಮೇಲೆ ಅರ್ಧಕ್ಕೆ ತರಬೇಕು. ಸಂಜೆ ಇಳಿಸುವ ಮುಂಚೆ ಮತ್ತೊಮ್ಮೆ ತುದಿಗೆ ಏರಿಸಿಯೇ ಇಳಿಸಬೇಕು.