ರೋಟಾ ಹನಿ ಒಂದೇ ತಳಿಗಷ್ಟೇ ಅಲ್ಲ

‘ರೋಟಾವೈರಸ್‌ನಲ್ಲಿ ಹತ್ತಾರು ತಳಿಗಳಿವೆ, ಲಸಿಕೆ ಇರೋದು ಒಂದಕ್ಕೆ ಮಾತ್ರ, ಸುಮ್ನೆ ಮಗುವಿಗೆ ಯಾಕೆ ಹಾಕಿಸ್ತೀರಿ?’ ಎನ್ನುವ ಮೆಸೇಜು ವಾಟ್ಸಾಪಿನಲ್ಲಿ ಸುತ್ತುತ್ತಿದೆ. ರೋಟಾ ಅಂದ್ರೆ ಪುಟ್ಟ ಮಕ್ಕಳಿಗೆ ತೀವ್ರ ಭೇದಿ ತರುವ ವೈರಸ್ಸು; ಅದರ ಲಸಿಕೆಯನ್ನು ಬಾಯಿಗೆ ಹನಿಯಾಗಿ ಹಾಕುತ್ತಾರೆ. ಆ ಮೆಸೇಜಿನಲ್ಲಿ ಅರ್ಧ ಮಾತ್ರ ನಿಜ.

ತಳಿಗಳು ಹಲವು, ಹೌದು. ವೈರಸ್ಸಿನ ಹೊರಗವಚದಲ್ಲಿರುವ ಎರಡು ಪ್ರೋಟೀನುಗಳನ್ನು ನೋಡಿ ಜಿ1ಪಿ8, ಜಿ2ಪಿ4, ಜಿ3ಪಿ8 ಎಂದೆಲ್ಲ ಹೆಸರಿಡುತ್ತಾರೆ. ನಮ್ಮ ದೇಶದ ರೋಟಾವ್ಯಾಕ್ ಲಸಿಕೆ ಹುಟ್ಟಿದ್ದು 116ಇ ಎಂಬ ಒಂದೇ ತಳಿಯಿಂದ, ಅದೂ ನಿಜ. 1980ರ ದಶಕದಲ್ಲಿ ದೆಹಲಿಯ ನವಜಾತ ಶಿಶುಗಳಲ್ಲಿ ಸಿಕ್ಕ ತಳಿ ಅದು. ತಮಾಷೆ ಅಂದ್ರೆ, ಆ ಕೂಸುಗಳಿಗೆ ಭೇದಿಯೇ ಆಗಿರಲಿಲ್ಲ!

ಆದರೆ ದೇಹ ಕಲಿಯುವ ಪಾಠ ಒಂದೇ ತಳಿಗೆ ಸೀಮಿತವಲ್ಲ. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ ಸುಮಾರು 6,800 ಶಿಶುಗಳ ಮೇಲೆ ನಡೆದ ಪ್ರಯೋಗದಲ್ಲಿ ಬೇರೆ ತಳಿಗಳಿಂದಲೂ ರಕ್ಷಣೆ ಕಂಡುಬಂತು. ಮೊದಲ ವರ್ಷ ತೀವ್ರ ರೋಟಾ ಭೇದಿ ಸುಮಾರು ಶೇ. 56ರಷ್ಟು ಕಡಿಮೆಯಾಯಿತು. ನೂರಕ್ಕೆ ನೂರಲ್ಲ, ಮುಚ್ಚಿಡುವುದೇನೂ ಇಲ್ಲ. ಆದರೆ ಡ್ರಿಪ್ ಹಾಕಿಸಿಕೊಂಡು ಮಲಗಬೇಕಾದ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಅದರಿಂದ ಪಾರಾದರೆ ಸಣ್ಣ ಮಾತಲ್ಲ, ಅಲ್ವಾ?

‘ಹನಿ ಹಾಕಿಸಿದರೂ ಭೇದಿ ಆಯ್ತು’ ಎನ್ನುವವರಿಗೆ: ಭೇದಿಗೆ ಬೇರೆ ವೈರಸ್ಸು, ಬ್ಯಾಕ್ಟೀರಿಯಾಗಳೂ ಕಾರಣ. ಅವನ್ನು ಈ ಹನಿ ತಡೆಯುವುದಿಲ್ಲ. ಆಗ ಓಆರ್‌ಎಸ್, ಜಿಂಕ್, ಎದೆಹಾಲು ಬೇಕು. ಮಗು ಮಂಕಾದರೆ, ಕುಡಿಯದಿದ್ದರೆ, ಮೂತ್ರ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಹನಿ ಉಚಿತ. 6, 10 ಮತ್ತು 14ನೇ ವಾರಕ್ಕೆ ಹಾಕುತ್ತಾರೆ.